ಇನ್ನೂ ಮೂರು ವಾರ

ಲಾಕ್‌ಡೌನ್ ಸಡಿಲಿಸಿದರೆ ದಿನಕ್ಕೆ ಎಷ್ಟು ಜನ ಓಡಾಡಬಹುದು ಎಂಬ ಅಂಕಿಯನ್ನು, ನಾಸಿಕ್‌ನಲ್ಲಿ ಸರ್ಕಾರಕ್ಕಾಗಿ ಸೋಂಕಿನ ಲೆಕ್ಕ ಹಾಕುತ್ತಿದ್ದ ಶರ್ವಾಣಿ ಬೇಕೆಂದೇ ಅರ್ಧಕ್ಕೆ ಇಳಿಸಿದಳು. ಪರದೆಯ ಮೇಲೆ ಸೋಂಕಿನ ಗೆರೆ ತಗ್ಗಿತು. ಇದನ್ನೇ ಕಳಿಸಿದರೆ ಸೋಮವಾರ ನಾಸಿಕ್‌ನಿಂದ ಸಂಭಾಜಿನಗರಕ್ಕೆ ಬಸ್ ಬಿಡುತ್ತಾರೆ. ಅಲ್ಲಿ ಬ್ಯಾಂಕಿನಲ್ಲಿದ್ದ ಗಂಡನ ಜೊತೆ ಮಗಳು ರುಚಿತಾ ಇದ್ದಳು. ಅವಳನ್ನು ಎತ್ತಿಕೊಂಡು ಎಪ್ಪತ್ತು ದಿನಗಳಾಗಿದ್ದವು.

ಶರ್ವಾಣಿ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಿಜವಾದ ಅಂಕಿಯನ್ನೇ ತುಂಬಿದಳು. ಗೆರೆ ಆಸ್ಪತ್ರೆಯ ಹಾಸಿಗೆಗಳ ಮಿತಿ ದಾಟಿ ಏರಿತು. ಇನ್ನೂ ಮೂರು ವಾರ ಬಸ್ ಬೇಡವೆಂದು ಬರೆದು ಅಧಿಕಾರಿಗಳಿಗೆ ಕಳಿಸಿದಳು.

ಭಾನುವಾರ ರುಚಿತಾ ಫೋನ್ ಮಾಡಿದಳು. "ಆಯಿ, ನಾಳೆ ಬಸ್ ಇಲ್ಲಂತ. ಯಾರು ಬ್ಯಾಡ ಅಂದ್ರು?"

"ನಾನಽ ಅಂದೆ, ಪುಟ್ಟಿ."

ಮಗಳು ಫೋನ್ ಇಡಲಿಲ್ಲ. ಆ ಪುಟ್ಟ ಉಸಿರು ಕೇಳಲೆಂದು ಶರ್ವಾಣಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.