ಹೊಸಿಲ ಮುಂದಿನ ಗೆರೆ

ಚಳಿಗಾಲ ಕಾಲಿಟ್ಟರೆ ಸಾಕು, ಕಸ್ತೂರಿಗೆ ಹಾಸಿಗೆ ಬಿಟ್ಟೇಳುವುದೇ ಬೇಡವಾಗುತ್ತಿತ್ತು. ಮೈಯಲ್ಲಿ ಕಸುವಿಲ್ಲ, ಮನಸ್ಸಿಗೆ ಮಂಕು. ಅದಕ್ಕೊಂದು ಮದ್ದು ಹೇಳಿದವಳು ಎದುರು ಮನೆಯಲ್ಲಿ ಒಬ್ಬಳೇ ಇದ್ದ ಗುರವ್ವ.

“ದಿನಾ ಮುಂಜಾನೆ ನನ್ನಂಗ ನೀನೂ ಹೊಸಿಲ ಮುಂದ ಒಂದು ರಂಗೋಲಿ ಗೆರಿ ಎಳಿ, ಸಾಕು. ನೀ ಎದ್ದೀ ಅಂತ ನನಗ ತಿಳೀತದ.”

“ಏಳಾಕ ಆಗದಿದ್ರ, ದೊಡ್ಡವ್ವ?”

“ಗೆರಿ ಕಾಣಲಿಲ್ಲಂದ್ರ ಬಾಗ್ಲಾ ಮುರದು ಬರ್ತೇನಿ. ಕೊಡಾ ನೀರು ಸುರದು ಎಬ್ಬಸ್ತೇನಿ, ಹುಷಾರ್!”

ಆ ಹೆದರಿಕೆಗೇ ಕಸ್ತೂರಿ ತಿಂಗಳಿಡೀ ಎದ್ದಳು. ಒಂದು ದಿನ ಸೊಟ್ಟ ಗೆರೆ, ಇನ್ನೊಂದು ದಿನ ಬರೀ ನಾಲ್ಕು ಚುಕ್ಕಿ.

ನಿನ್ನೆ ಮಾತ್ರ ಆಗಲಿಲ್ಲ. ಮುಸುಕು ಹೊದ್ದು, ಬಾಗಿಲು ಬಡಿಯುವ ಸದ್ದಿಗೆ ಸಂಜೆಯವರೆಗೂ ಕಿವಿಗೊಟ್ಟು ಮಲಗಿದ್ದಳು. ಯಾರೂ ಬರಲಿಲ್ಲ. ಆಕೆಗೂ ನಾನು ಸಾಕಾಗಿಹೋದೆನಲ್ಲ ಎಂದು ಕಣ್ಣು ತುಂಬಿ ಬಂತು.

ಇವತ್ತು ಸಿಟ್ಟೇ ಅವಳನ್ನು ಎಬ್ಬಿಸಿತು. “ಎಲ್ಲಿ ಹೋತು ದೊಡ್ಡವ್ವ, ನಿನ್ನ ಕೊಡಾ ನೀರು?” ಎಂದು ಕೂಗುತ್ತಲೇ ಕದ ತೆರೆದಳು.

ಎದುರು ಮನೆಯ ಹೊಸಿಲ ಮುಂದೆ ಗೆರೆ ಇರಲಿಲ್ಲ. ನಿನ್ನೆಯ ಹಾಲಿನ ಪಾಕೀಟಿನ ಪಕ್ಕದಲ್ಲಿ ಇವತ್ತಿನದೂ ಬಿದ್ದಿತ್ತು.