ಎರಡು ವೈನ್

ಇಂಗ್ಲಿಷಿನಲ್ಲಿ ಒಂದು ‘ವೈನ್’ ಕುಡಿಯುವುದು, ಇನ್ನೊಂದು ಬಳ್ಳಿ. ಆ ಎರಡು ವಕಾರಗಳ ವ್ಯತ್ಯಾಸವನ್ನು ಉಜ್ಬೆಕ್ ಹುಡುಗಿಯ ನಾಲಿಗೆಗೆ ಹತ್ತಿಸಲು ಆರು ತಿಂಗಳಿಂದ ಹೆಣಗಿ ಹೆಣಗಿ ಮೇಷ್ಟ್ರಿಗೆ ಸಾಕಾಗಿತ್ತು. ಇಂಗ್ಲಿಷ್ ಮತ್ತು ಉಜ್ಬೆಕ್ ಧ್ವನಿಗಳ ಹೋಲಿಕೆ ಎಂದು ಮೈಸೂರಿಗೆ ಬಂದು ಪಿಎಚ್‌ಡಿ ಮಾಡುವವಳಿಗೆ ಅಷ್ಟೂ ಬೇಡವೇ?

ಅವಳ ಕಂಪ್ಯೂಟರಿನಲ್ಲಿ, ರೆಕಾರ್ಡ್ ಮಾಡಿಟ್ಟಿದ್ದ ಎರಡೂ ಪದಗಳ ದನಿಯ ಅಲೆಚಿತ್ರಗಳು ಮೂಡಿದ್ದವು. ನೋಡಿದ್ದೇ ಮೇಷ್ಟ್ರ ಪಿತ್ತ ನೆತ್ತಿಗೇರಿತು.

“ನೋಡಮ್ಮ, ಎರಡೂ ಒಂದೇ! ನಿಮ್ಮ ಉಜ್ಬೆಕ್ ನಾಲಿಗೆ ಈ ಜನ್ಮದಲ್ಲಿ ತಿರುಗಲ್ಲ ಬಿಡು. ತಪ್ಪು ಉಚ್ಚಾರಣೆಗೆ ಉದಾಹರಣೆ ಅಂತ ಇದನ್ನೇ ಥೀಸಿಸ್ಸಿಗೆ ಹಾಕು!”

ಎರಡು ವರ್ಷದಲ್ಲಿ ಕಲಿತ ಕನ್ನಡದಲ್ಲಿ ಅವಳು ಮೆಲ್ಲಗೆ ಹೇಳಿದಳು:

“ಹಾಕ್ತೀನಿ ಸರ್. ಆದ್ರೆ ಇದು ಮಾದರಿ ಉಚ್ಚಾರಣೆ ಅಂತ ನೀವು ಓದಿಕೊಟ್ಟಿದ್ದು.”