ಮತ್ತಿಮರ ಸುಮ್ಮನಿದ್ದ ದಿನ

ಮರಗಳಿಗೆ ಮಾತು ಬಂದು ಮೂರು ವರ್ಷವಾಗಿತ್ತು. ಅದಕ್ಕೂ ಮೊದಲು ಸೋಲಿಗರ ಕೇತಮ್ಮ ಔಷಧಿಗೆ ತೊಗಟೆ ಬೇಕಾದಾಗ ಮರವನ್ನು ಮೂರು ಸಲ ಕೇಳುತ್ತಿದ್ದಳು. ಮರ ಸುಮ್ಮನಿದ್ದರೆ ಒಪ್ಪಿತೆಂದೇ ಅರ್ಥ. ಈಗ ಮರಗಳೇ "ತಗೋ" ಅಂತಲೋ "ಇವತ್ತು ಬ್ಯಾಡ" ಅಂತಲೋ ಹೇಳುತ್ತವೆ. ನೇರಳೆಮರವಂತೂ ಬೈದೇ ಕೊಡುವುದು.

ಮೊಮ್ಮಗಳಿಗೆ ನಿನ್ನೆಯಿಂದ ಭೇದಿ. ಕೇತಮ್ಮ ಮಚ್ಚು ಹಿಡಿದು ಮತ್ತಿಮರದ ಮುಂದೆ ನಿಂತಳು.

"ತಾಯಿ, ಕೂಸಿಗೆ ಅಂಗೈಯಗಲ ತೊಗಟೆ ತಗಳ್ಳಾ?"

ಮೂರು ಸಲ ಕೇಳಿದರೂ ಮರ ಮಾತಾಡಲಿಲ್ಲ. ಮೊನ್ನೆ ತಾನೇ ಇದೇ ಮರ ಜೇನುಹುಳುಗಳ ಸುದ್ದಿ ಹೇಳಿ ತಲೆ ತಿಂದಿತ್ತು.

"ಸುಮ್ಕಿದ್ರೆ ಒಪ್ಪಿದಂಗೆ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಅತ್ತೆ," ಎಂದಳು ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ಸೊಸೆ ಮಾದಿ.

"ಅದು ಮರಕ್ಕೆ ಬಾಯಿಲ್ದಿದ್ದ ಕಾಲದ ಮಾತು ಕಣವ್ವ. ಬಾಯಿದ್ದೂ ಸುಮ್ಕಿದ್ರೆ ಏನಂತ ತಿಳ್ಕಳಾದು?"

ಕೂಸು ನರಳಿತು. ಕೇತಮ್ಮ ಬೇರೆ ದಾರಿ ಕಾಣದೆ ತೊಗಟೆ ಕೆತ್ತಿಕೊಂಡಳು.

ಆಗ ಮರ ಬಾಯಿಬಿಟ್ಟಿತು. ದನಿಯಲ್ಲಿ ಸಿಟ್ಟಿರಲಿಲ್ಲ.

"ತಾಯಿ, ನಾನೂ ನಿನ್ನ ಹತ್ರ ಒಂದು ತಗಳ್ಳಾ?"

ಏನನ್ನು ಅಂತ ಕೇತಮ್ಮನಿಗೆ ಹೊಳೆಯಲಿಲ್ಲ. ಅವಳು ಮಾದಿಯ ಮುಖ ನೋಡಿದಳು, ಕೂಸಿನ ಮುಖ ನೋಡಿದಳು. ಮರ ಇನ್ನೆರಡು ಸಲ ಕೇಳಿತು. ಅವಳ ನಾಲಿಗೆ ಏಳಲಿಲ್ಲ.

"ಆಯ್ತು," ಎಂದಿತು ಮರ.